ಕಷ್ಟದ ನಡುವೆ ಕೃಪೆ ಕಾಣುವುದು, ಕಂಡದ್ದನ್ನು ಹಂಚುವುದು: ಹಂತ ಹಂತವಾಗಿ

"ಕಷ್ಟ ಬಂದಾಗ ದೇವರ ಕೃಪೆ ಎಲ್ಲಿ ಹೋಗುತ್ತದೆ?" ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬರಿಗೆ ಕೆಲಸ ಹೋಗಿದೆ. ಒಬ್ಬರ ಮನೆಯಲ್ಲಿ ವಾಸಿಯಾಗದ ಕಾಯಿಲೆ. ಇನ್ನೊಬ್ಬರು ಮಗುವನ್ನು ಮಣ್ಣಿಗಿಟ್ಟು ಬಂದಿದ್ದಾರೆ. ಕೆಲವರು ಇದರ ಜೊತೆಗೆ ಇನ್ನೊಂದನ್ನೂ ಕೇಳುತ್ತಾರೆ: "ನಾನೇ ಎದ್ದು ನಿಲ್ಲಲಾಗದೆ ಇರುವಾಗ ಬೇರೆಯವರಿಗೆ ಏನು ಹಂಚಲಿ?" ಎರಡಕ್ಕೂ ಸೇರಿಸಿ, ಕೂತು ಮಾಡಬಹುದಾದ ಹಾಗೆ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನೆಲ್ಲ ಮಾಡಿದರೆ ಕಷ್ಟ ಹೋಗಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಹೋಗಬಹುದು, ಹೋಗದೆಯೂ ಇರಬಹುದು. ಮೊದಲ ಕಾಲದ ಕ್ರೈಸ್ತ ಸಭೆಗಳಿಗೆ ಪತ್ರ ಬರೆದ ಪೌಲನ ಶರೀರದಲ್ಲಿ ಒಂದು ಶೂಲ ಇತ್ತು. ಅದು ಏನೆಂದು ಅವನು ಎಲ್ಲೂ ಬಿಡಿಸಿ ಹೇಳಿಲ್ಲ. ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡ. ಸಿಕ್ಕ ಉತ್ತರ: "ನನ್ನ ಕೃಪೆಯೇ ನಿನಗೆ ಸಾಕು" (2 ಕೊರಿಂಥ 12:9). ಶೂಲ ಹೋಯಿತು ಎಂಬ ಮಾತು ಆ ಪತ್ರದಲ್ಲಿ ಇಲ್ಲ.

ಇನ್ನು ಕೃಪೆ ಎಂಬ ಪದ. ನಾವು ಅದನ್ನು ಒಳ್ಳೆಯದಾದಾಗಲೇ ಜಾಸ್ತಿ ಬಳಸುತ್ತೇವೆ, ಅಲ್ವಾ? "ದೇವರ ಕೃಪೆ, ಪಾಸಾದೆ." "ದೇವರ ಕೃಪೆ, ಆಪರೇಷನ್ ಚೆನ್ನಾಗಿ ಆಯಿತು." ಹೀಗೆ ಹೇಳಿ ಹೇಳಿ, ಫೇಲಾದ ದಿನ ಕೃಪೆಯೂ ಇಲ್ಲ ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕುತ್ತದೆ. ಹೊಸ ಒಡಂಬಡಿಕೆಯ ಗ್ರೀಕ್ ಪದ ಖಾರಿಸ್. ದುಡಿದು ಪಡೆಯುವ ಕೂಲಿಗೆ ಎದುರಾದ ಪದ ಅದು. ಯೋಗ್ಯತೆ ನೋಡದೆ, ಪ್ರೀತಿಯಿಂದ ಸುಮ್ನೆ ಕೊಟ್ಟದ್ದು. ಕೊಡುವವನು ನಮ್ಮ ಹತ್ತಿರ ಬಂದಿದ್ದಾನೆ ಎಂಬುದೇ ಅದರ ತಿರುಳು. ಈ ಅರ್ಥ ಹಿಡಿದುಕೊಂಡರೆ, ಫೇಲಾದ ದಿನವೂ ಅದನ್ನು ಹುಡುಕಬಹುದು.

ಬೇಕಾಗುವುದು ಇಷ್ಟೇ: ಒಂದು ಸತ್ಯವೇದ (ಬೈಬಲ್), ಒಂದು ಚಿಕ್ಕ ನೋಟ್‌ಬುಕ್, ದಿನಕ್ಕೆ ಹತ್ತು ಹದಿನೈದು ನಿಮಿಷ, ನಂಬಬಹುದಾದ ಒಬ್ಬ ಮನುಷ್ಯ. ಕೊನೆಯದು ಸಿಗುವುದೇ ಕಷ್ಟ. ಅದಕ್ಕೆ ಐದನೆಯ ಹಂತದಲ್ಲಿ ಬರೋಣ.

1. ಕಷ್ಟವನ್ನು ಅದರ ಹೆಸರಿನಿಂದಲೇ ಕರೆಯಿರಿ

"ಏನೋ ಸ್ವಲ್ಪ ತೊಂದರೆ, ಪ್ರಾರ್ಥನೆ ಮಾಡಿ" ಎಂದು ಹೇಳಿ ಮುಗಿಸಬೇಡಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ವಾಕ್ಯ ಬರೆಯಿರಿ. "ಅಮ್ಮ ತೀರಿಕೊಂಡಳು, ನಾನು ಕೊನೆಯ ದಿನ ಅವಳ ಹತ್ತಿರ ಇರಲಿಲ್ಲ." "ಸಾಲ ತೀರಿಸಲು ಆಗುತ್ತಿಲ್ಲ." ಬರೆಯುವಾಗಲೇ ಕೈ ತಡೆದರೆ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿ.

ಆಮೇಲೆ ಇದು ಯಾವ ಬಗೆಯ ಕಷ್ಟ ಎಂದು ನೋಡಿ. ಯಾರ ತಪ್ಪೂ ಇಲ್ಲದೆ ಬಂದದ್ದೋ, ನಾನೇ ಮಾಡಿದ ತಪ್ಪಿನ ಫಲವೋ, ಬೇರೊಬ್ಬರು ನನಗೆ ಮಾಡುತ್ತಿರುವ ಅನ್ಯಾಯವೋ? ಮೂರಕ್ಕೂ ಕೃಪೆ ಇದೆ, ಆದರೆ ದಾರಿ ಬೇರೆ. ಮೊದಲನೆಯದಕ್ಕೆ ಸಂತೈಸುವಿಕೆ ಬೇಕು, ಎರಡನೆಯದಕ್ಕೆ ಪಶ್ಚಾತ್ತಾಪ ಮತ್ತು ಕ್ಷಮೆ, ಮೂರನೆಯದಕ್ಕೆ ನ್ಯಾಯ ಮತ್ತು ರಕ್ಷಣೆ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಮೊದಲನೆಯದನ್ನು ಎರಡನೆಯದು ಎಂದು ತಿಳಿಯಬೇಡಿ. ಹುಟ್ಟುಕುರುಡನನ್ನು ಕಂಡ ಶಿಷ್ಯರು "ಪಾಪ ಮಾಡಿದವರು ಯಾರು, ಇವನೋ ಇವನ ತಂದೆ ತಾಯಿಯೋ?" ಎಂದು ಕೇಳಿದರು. ಎರಡೂ ಅಲ್ಲ ಎಂದು ಯೇಸು ಸ್ವಾಮಿ ಹೇಳಿದನು (ಯೋಹಾನ 9:3). "ನಿನ್ನ ನಂಬಿಕೆ ಸಾಲದು, ಅದಕ್ಕೇ ಹೀಗಾಯಿತು" ಎಂದು ನಿಮಗೆ ಯಾರಾದರೂ ಹೇಳಿದ್ದರೆ, ಆ ಮಾತನ್ನು ದೇವರ ಮಾತು ಎಂದು ಹೊತ್ತುಕೊಳ್ಳಬೇಡಿ.

ಎರಡನೆಯದು ಇನ್ನೂ ಮುಖ್ಯ. ಯಾರಾದರೂ ನಿಮ್ಮನ್ನು ಹೊಡೆಯುತ್ತಿದ್ದರೆ, ಹೆದರಿಸಿ ಇಟ್ಟುಕೊಂಡಿದ್ದರೆ, ಅದನ್ನು "ನನ್ನ ಶಿಲುಬೆ" ಎಂದು ಸಹಿಸಿಕೊಂಡು ಕೂರಬೇಡಿ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ಸಹಾಯ ಕೇಳಿ. ನಜರೇತಿನವರು ಬೆಟ್ಟದ ಮೇಲಿಂದ ತಳ್ಳಲು ಬಂದಾಗ ಯೇಸು ಸ್ವಾಮಿ ಅವರ ನಡುವಿನಿಂದ ಹೊರಟುಹೋದನು. ದಮಸ್ಕದಲ್ಲಿ ಪೌಲನನ್ನು ಬುಟ್ಟಿಯಲ್ಲಿ ಕೂರಿಸಿ ಗೋಡೆಯ ಕಿಂಡಿಯಿಂದ ಇಳಿಸಿದರು. ಆ ಬುಟ್ಟಿಯ ಕಥೆ ಬರುವುದು ಶೂಲದ ಮಾತಿಗೆ ಸ್ವಲ್ಪ ಮೊದಲು, ಅದೇ ಪತ್ರದಲ್ಲಿ. ತಪ್ಪಿಸಿಕೊಂಡದ್ದಕ್ಕೆ ಪೌಲ ನಾಚಿಕೊಳ್ಳಲಿಲ್ಲ.

2. ದೂರನ್ನು ದೇವರ ಮುಂದೆಯೇ ಹೇಳಿ

ತುಂಬಾ ಜನ ಈ ಹಂತವನ್ನು ಹಾರಿ ನೇರ ಕೃತಜ್ಞತೆಗೆ ಹೋಗಲು ನೋಡುತ್ತಾರೆ. ಕ್ರೈಸ್ತನಾದವನು ಗೊಣಗಬಾರದು ಎಂಬ ಭಯ. ಆದರೆ ಸತ್ಯವೇದದ 150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಪ್ರಲಾಪಗಳು. ಪ್ರಲಾಪ ಎಂದರೆ ದೇವರಿಗೆ ಬೆನ್ನು ತಿರುಗಿಸದೆ, ಅವನ ಮುಖ ನೋಡಿಕೊಂಡೇ ಅಳುವುದು. ದೇವರ ಬಗ್ಗೆ ಬೇರೆಯವರ ಹತ್ತಿರ ಹೇಳುತ್ತಿದ್ದುದನ್ನು ದೇವರ ಹತ್ತಿರವೇ ಹೇಳುವುದು.

ಕಲಿಯಲು 13ನೆಯ ಕೀರ್ತನೆ ತುಂಬಾ ಒಳ್ಳೆಯದು. ಆರೇ ವಚನ. ಮೊದಲ ಎರಡು ವಚನಗಳಲ್ಲೇ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮುಂದಿನ ಎರಡರಲ್ಲಿ ಬೇಡಿಕೆ: ನನ್ನನ್ನು ನೋಡು, ಉತ್ತರ ಕೊಡು. ಕೊನೆಯ ಎರಡರಲ್ಲಿ ಭರವಸೆ. ಅದನ್ನು ಮೆಲ್ಲಗೆ, ಬಾಯಿಬಿಟ್ಟು ಓದಿ. ನಂತರ ಅದೇ ಅಚ್ಚಿನಲ್ಲಿ ನಿಮ್ಮದನ್ನು ಬರೆಯಿರಿ. ಎರಡು ಸಾಲು ದೂರು, ಎರಡು ಸಾಲು ಬೇಡಿಕೆ, ಎರಡು ಸಾಲು ಭರವಸೆ. ಗ್ರಾಂಥಿಕ ಭಾಷೆ ಬೇಡ. "ಸ್ವಾಮಿ, ಮೂರು ತಿಂಗಳಾಯಿತು, ರಾತ್ರಿ ನಿದ್ದೆ ಇಲ್ಲ, ನಿನಗೆ ಕೇಳಿಸುತ್ತಿದೆಯಾ?" ಇದೂ ಪ್ರಾರ್ಥನೆಯೇ.

ಕೊನೆಯ ಎರಡು ಸಾಲು ಬರಲಿಲ್ಲವೇ? ಬಿಟ್ಟುಬಿಡಿ. ಬಲವಂತಕ್ಕೆ ಬರೆಯಬೇಡಿ. 88ನೆಯ ಕೀರ್ತನೆಯ ಕೊನೆಯ ಪದವೇ ಕತ್ತಲೆ. ಅದಕ್ಕೆ ಸುಖಾಂತ್ಯ ಇಲ್ಲ. ಹಾಗಿದ್ದೂ ಅದು ಸತ್ಯವೇದದಲ್ಲಿದೆ. ದೇವರು ಅದನ್ನೂ ಪ್ರಾರ್ಥನೆ ಎಂದು ಎಣಿಸಿದ್ದಾನೆ ಎಂಬುದು ನನಗೆ ಎಷ್ಟೋ ರಾತ್ರಿ ಆಸರೆಯಾಗಿದೆ. ಮಾತೇ ಬರದ ದಿನ ರೋಮಾಪುರ 8:26 ಓದಿ. ನರಳಾಟವನ್ನೇ ದೇವರ ಆತ್ಮನು ಪ್ರಾರ್ಥನೆ ಮಾಡಿಕೊಳ್ಳುತ್ತಾನೆ ಎಂದು ಅಲ್ಲಿದೆ.

3. ದೇಹವನ್ನು ಮರೆಯಬೇಡಿ

ಪ್ರವಾದಿ ಎಲೀಯ ಒಂದು ಗಿಡದ ಕೆಳಗೆ ಬಿದ್ದುಕೊಂಡು "ಸಾಕು, ನನ್ನ ಪ್ರಾಣ ತೆಗೆದುಕೋ" ಎಂದ. ದೇವದೂತ ಅವನಿಗೆ ಪ್ರಸಂಗ ಮಾಡಲಿಲ್ಲ. ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಮತ್ತೆ ನಿದ್ದೆ. ಮತ್ತೆ ಎಬ್ಬಿಸಿ ಊಟ (1 ಅರಸು 19). "ಎಲೀಯನೇ, ಇಲ್ಲೇನು ಮಾಡುತ್ತೀ?" ಎಂಬ ಪ್ರಶ್ನೆ ಬಂದದ್ದು ಇದೆಲ್ಲ ಆಗಿ, ನಲವತ್ತು ದಿನ ನಡೆದ ಮೇಲೆ.

ಹಾಗಾಗಿ ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಸ್ವಲ್ಪ ನಡಿಗೆ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಬದುಕುವುದೇ ಬೇಡ ಅನಿಸಿದರೆ, ಇವತ್ತೇ ಒಬ್ಬರಿಗೆ ಹೇಳಿ, ಡಾಕ್ಟರ್ ಹತ್ತಿರ ಹೋಗಿ. ಔಷಧಿ ತೆಗೆದುಕೊಂಡರೆ ನಂಬಿಕೆ ಕಡಿಮೆಯಾಯಿತು ಎಂದೇನಿಲ್ಲ. ರೊಟ್ಟಿಯಲ್ಲಿದ್ದ ಕೃಪೆ ಮಾತ್ರೆಯಲ್ಲೂ ಇರಬಹುದು.

4. ದಿನದ ಪಾಲನ್ನು ಬರೆದಿಡಿ

ಅಡವಿಯಲ್ಲಿ ಇಸ್ರಾಯೇಲ್ಯರಿಗೆ ದೇವರಿಂದ ಸಿಕ್ಕ ಆಹಾರ, ಮನ್ನ, ಅದರ ಲೆಕ್ಕ ನೆನಪಿದೆಯಾ? ತಲೆಗೆ ಒಂದು ಓಮೆರ್, ಅಂದರೆ ಒಬ್ಬರಿಗೆ ಒಂದು ದಿನಕ್ಕೆ ಸಾಕಾಗುವಷ್ಟು. ನಾಳೆಗೆಂದು ಕೂಡಿಟ್ಟರೆ ಹುಳ ಬೀಳುತ್ತಿತ್ತು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ಪಾಲು (ವಿಮೋಚನಕಾಂಡ 16). ಅದನ್ನು ಮೊದಲ ಸಲ ಕಂಡಾಗ ಜನ ಕೇಳಿದ್ದು "ಇದೇನು?" ಎಂದು. ಆ ಪ್ರಶ್ನೆಯಿಂದಲೇ ಅದಕ್ಕೆ ಮನ್ನ ಎಂಬ ಹೆಸರು ಬಂತು. ಕಷ್ಟದ ಕಾಲದ ಕೃಪೆಯೂ ಹೀಗೇ. ಚಿಕ್ಕದಾಗಿ, ಅವತ್ತಿಗೆ ಸಾಕಾಗುವಷ್ಟು ಬರುತ್ತದೆ. ನೋಡಿದ ತಕ್ಷಣ ಗುರುತು ಸಿಗುವುದಿಲ್ಲ. ಅದಕ್ಕೇ ಬರೆಯಬೇಕು.

ರಾತ್ರಿ ಮಲಗುವ ಮೊದಲು ನೋಟ್‌ಬುಕ್ ತೆಗೆಯಿರಿ. ತಾರೀಕು ಹಾಕಿ. ಕೆಳಗೆ ಎರಡೇ ಪ್ರಶ್ನೆ: ಇವತ್ತು ಕೈಗೆ ಏನು ಸಿಕ್ಕಿತು? ಯಾರ ಕೈಯಿಂದ ಸಿಕ್ಕಿತು? "ಯಾಕೆ" ಎಂಬ ಪ್ರಶ್ನೆಗೆ ಈ ಪುಟದಲ್ಲಿ ಜಾಗ ಇಲ್ಲ, ಅದು ಎರಡನೆಯ ಹಂತದ ಪುಟಗಳಿಗೆ ಸೇರಿದ್ದು.

ಉತ್ತರ ಆದಷ್ಟು ನಿರ್ದಿಷ್ಟವಾಗಿರಲಿ. "ದೇವರು ಒಳ್ಳೆಯವನು" ಎಂದು ಬರೆದರೆ ಅದು ಸತ್ಯವೇ, ಆದರೆ ಮುಂದಿನ ವಾರ ಓದಿದಾಗ ಏನೂ ನೆನಪಾಗುವುದಿಲ್ಲ. "ನರ್ಸ್ ಸೂಜಿ ಚುಚ್ಚುವ ಮೊದಲು ಕೈ ಬೆಚ್ಚಗೆ ಹಿಡಿದಳು" ಎಂದು ಬರೆಯಿರಿ. "ಸಂಜೆ ಅರ್ಧ ಗಂಟೆ ಅಳು ಬರಲಿಲ್ಲ" ಎಂದು ಬರೆಯಿರಿ. ಏನೂ ಕಾಣದ ದಿನ "ಇವತ್ತು ಏನೂ ಕಾಣಲಿಲ್ಲ" ಎಂದೇ ಬರೆಯಿರಿ. ಖಾಲಿ ಬಿಡಬೇಡಿ, ಸುಳ್ಳೂ ಬರೆಯಬೇಡಿ.

ಒಂದು ತಿಂಗಳಾದ ಮೇಲೆ ಹಿಂದಿನಿಂದ ಓದಿ. ಎರಡನೆಯ ಪ್ರಶ್ನೆಯ ಉತ್ತರಗಳನ್ನು ಮಾತ್ರ ಬೆರಳಿಟ್ಟು ನೋಡಿ. ಹೆಚ್ಚು ಕಡಿಮೆ ಪ್ರತಿ ಸಾಲಿನಲ್ಲೂ ಒಬ್ಬ ಮನುಷ್ಯನ ಹೆಸರು ಇರುತ್ತದೆ. ಕೃಪೆ ಎಲ್ಲಿಂದ ಬಂತು ಎಂದು ಹುಡುಕುವವರಿಗೆ ನಾನು ಕೊಡಬಲ್ಲ ಅತಿ ನೇರವಾದ ಉತ್ತರ ಆ ಹೆಸರುಗಳ ಸಾಲು. ಮುಂದೆ ಹಂಚುವುದು ಹೇಗೆ ಎಂಬುದಕ್ಕೂ ಅದೇ ಪಾಠ.

ತಪ್ಪುವ ಜಾಗ: ಬೇರೆಯವರ ಕಷ್ಟದ ಜೊತೆ ಹೋಲಿಸಿ ಕೃತಜ್ಞತೆ ತಂದುಕೊಳ್ಳುವುದು. "ಅವರಿಗಿಂತ ನಾನೇ ವಾಸಿ" ಎಂಬುದು ಕೃಪೆಯ ಲೆಕ್ಕ ಅಲ್ಲ. ಅವರ ನೋವಿನ ಮೇಲೆ ನಿಂತು ಸಿಗುವ ಸಮಾಧಾನ ಅದು.

5. ಒಬ್ಬರನ್ನು ಒಳಗೆ ಬಿಡಿ

ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಸ್ವಾಮಿ ತನ್ನ ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರನ್ನು ಕರೆದುಕೊಂಡು ಹೋಗಿ, ನನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿಕೊಂಡನು. ದೇವರ ಮಗನೇ ಹಾಗೆ ಕೇಳಿದ ಮೇಲೆ, "ನಾನು ಯಾರಿಗೂ ಭಾರ ಆಗಬಾರದು" ಎಂಬ ನಮ್ಮ ಹಟ ಯಾಕೆ? ಆ ಮೂವರೂ ನಿದ್ದೆಹೋದರು ಎಂಬುದೂ ನಿಜ. ನೀವು ಕೇಳಿದವರು ನಿಮ್ಮನ್ನು ಕೈಬಿಡಬಹುದು. ಆಗ ಇನ್ನೊಬ್ಬರನ್ನು ಕೇಳಿ.

ಗಲಾತ್ಯ 6ರಲ್ಲಿ ಎರಡು ಮಾತು ಹತ್ತಿರ ಹತ್ತಿರ ಇವೆ. ಎರಡನೆಯ ವಚನ: ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿರಿ. ಐದನೆಯದು: ಪ್ರತಿಯೊಬ್ಬನೂ ತನ್ನ ಹೊರೆ ತಾನೇ ಹೊರಬೇಕು. ಗ್ರೀಕ್‌ನಲ್ಲಿ ಪದಗಳು ಬೇರೆ. ಮೊದಲನೆಯದು ಬಾರೋಸ್, ಜಜ್ಜಿಹಾಕುವ ತೂಕ. ಎರಡನೆಯದು ಫೋರ್ತಿಯೋನ್, ಒಬ್ಬ ಹೊತ್ತು ನಡೆಯಬಲ್ಲ ಗಂಟು. ನಿಮ್ಮದು ಯಾವುದು ಎಂದು ಕೇಳಿಕೊಳ್ಳಿ. ಬಾರೋಸ್ ಆಗಿದ್ದರೆ ಅದನ್ನು ಒಬ್ಬರೇ ಹೊರುವುದರಲ್ಲಿ ಭಕ್ತಿ ಏನೂ ಇಲ್ಲ.

ಎಂಥವರನ್ನು ಆರಿಸಬೇಕು? ಬಾಯಿ ಬಿಗಿ ಇರುವವರು. ನಿಮ್ಮ ಅಳು ಕಂಡು ಗಾಬರಿಯಾಗದವರು. ತಕ್ಷಣ ಪರಿಹಾರ ಹೇಳದವರು. ಸಭಾಪಾಲಕರೇ ಆಗಬೇಕೆಂದಿಲ್ಲ. ಕೇಳುವಾಗ ಒಂದು ಸಣ್ಣ, ಸ್ಪಷ್ಟವಾದ ಕೆಲಸ ಕೇಳಿ: "ಗುರುವಾರ ಆಸ್ಪತ್ರೆಗೆ ಜೊತೆಗೆ ಬರುತ್ತೀರಾ?"

6. ಅರ್ಥ ಹುಡುಕಲು ಆತುರ ಬೇಡ

ಅಣ್ಣಂದಿರು ಯೋಸೇಫನನ್ನು ಮಾರಿದಾಗ ಅವನಿಗೆ 17 ವರ್ಷ. ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ 30. ಮಧ್ಯೆ 13 ವರ್ಷ ಗುಲಾಮಗಿರಿ, ಸೆರೆಮನೆ. "ನೀವು ಕೇಡನ್ನು ಎಣಿಸಿದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದ" ಎಂಬ ಮಾತು ಆದಿಕಾಂಡದ ಕೊನೆಯ ಅಧ್ಯಾಯದಲ್ಲಿದೆ. ಸೆರೆಮನೆಯಲ್ಲಿ, ಬಿಡುಗಡೆಯಾಗಲಿದ್ದ ಜೊತೆಗಾರನಿಗೆ ಅವನು ಹೇಳಿದ್ದೇ ಬೇರೆ: ನನ್ನನ್ನು ಇಲ್ಲಿಂದ ಬಿಡಿಸಲು ಫರೋಹನಿಗೆ ಹೇಳು. ಸೆರೆಯಲ್ಲಿರುವವರಿಗೆ ಅಷ್ಟು ಸಾಕು.

ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎನ್ನುವ ರೋಮಾಪುರ 8:28ನ್ನು ನೀವೇ ಕಂಡುಕೊಳ್ಳುವವರೆಗೆ ಯಾರೂ ನಿಮ್ಮ ಬಾಯಿಗೆ ತುರುಕಲು ಬಿಡಬೇಡಿ. ಮುಂದೆ ನೀವೂ ಯಾರ ಬಾಯಿಗೂ ತುರುಕಬೇಡಿ.

7. ಹಂಚುವುದು ಪಕ್ಕದಲ್ಲಿ ಕೂರುವುದರಿಂದ ಶುರು

ಈಗ ಎರಡನೆಯ ಪ್ರಶ್ನೆಗೆ ಬಂದೆವು. 2 ಕೊರಿಂಥದ ಮೊದಲ ಅಧ್ಯಾಯ ತೆಗೆಯಿರಿ. ಮೂರರಿಂದ ಏಳನೆಯ ವಚನದ ಒಳಗೆ ಸಂತೈಸುವಿಕೆಯ ಪದ ಹತ್ತು ಸಲ ಬರುತ್ತದೆ. ದೇವರು ನಮ್ಮನ್ನು ಸಂತೈಸುವುದು ಯಾಕೆ? ಅದೇ ಸಂತೈಸುವಿಕೆಯಿಂದ ನಾವು ಬೇರೆಯವರನ್ನು ಸಂತೈಸಲಿ ಎಂದು. ಗ್ರೀಕ್ ಪದ ಪರಾಕ್ಲೇಸಿಸ್. ಅದರೊಳಗೆ ಪಕ್ಕಕ್ಕೆ ಕರೆಯುವ ಅರ್ಥ ಇದೆ. ಯೋಹಾನನ ಸುವಾರ್ತೆಯಲ್ಲಿ ಪವಿತ್ರಾತ್ಮನಿಗೆ ಇದೇ ಬೇರಿನ ಹೆಸರು.

ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅಷ್ಟರವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ಕಾರಣ ಹೇಳಲು ಶುರುಮಾಡಿದ ಮೇಲೆ ಕೆಟ್ಟಿತು. ಕೊನೆಯಲ್ಲಿ ದೇವರು ಸಿಟ್ಟಾದದ್ದು ಅವರ ಮೇಲೆ, ದೂರಿದ ಯೋಬನ ಮೇಲೆ ಅಲ್ಲ.

ನನ್ನ ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಮ್ಮ ಸಭೆಯ ಒಬ್ಬ ಹಿರಿಯ ಹೆಂಗಸು ದಿನಾ ಸಂಜೆ ಬರುತ್ತಿದ್ದರು. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಫ್ಲಾಸ್ಕ್ ತೊಳೆದು, ಬಿಸಿನೀರು ತುಂಬಿ, ಅಮ್ಮನ ಕಾಲ ಬಳಿ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದರು. ಹೋಗುವಾಗ ಒಂದೇ ಸಾಲಿನ ಪ್ರಾರ್ಥನೆ. ಬೇರೆಯವರು ಹೇಳಿದ ವಾಕ್ಯಗಳು ನನಗೆ ಮರೆತೇಹೋಗಿವೆ. ಆ ಫ್ಲಾಸ್ಕಿನ ಮುಚ್ಚಳ ತಿರುಗಿಸುವ ಸದ್ದು ಈಗಲೂ ಕಿವಿಯಲ್ಲಿದೆ.

ಹೋದಾಗ ಮಾಡಬೇಕಾದದ್ದು: ಹೆಚ್ಚು ಹೊತ್ತು ಬೇಡ, ಹದಿನೈದು ಇಪ್ಪತ್ತು ನಿಮಿಷ. ಕಣ್ಣಿಗೆ ಬಿದ್ದ ಒಂದು ಕೆಲಸ ಮಾಡಿಕೊಡಿ. ಅವರು ಮಾತಾಡಿದರೆ ಕೇಳಿ. ತೀರಿಕೊಂಡವರ ಹೆಸರು ಹೇಳಲು ಹೆದರಬೇಡಿ. ಪ್ರಾರ್ಥನೆ ಮಾಡಲಾ ಎಂದು ಕೇಳಿ, ಬೇಡ ಎಂದರೆ ಮನೆಗೆ ಬಂದು ಮಾಡಿ. "ಏನಾದರೂ ಬೇಕಿದ್ದರೆ ಹೇಳಿ" ಎಂಬ ಮಾತನ್ನು ದಯವಿಟ್ಟು ಬಿಡಿ. ಏನು ಬೇಕೆಂದು ಯೋಚಿಸುವ ಕೆಲಸವನ್ನೂ ಅದು ಅವರ ತಲೆಗೇ ಹಾಕುತ್ತದೆ. "ನಾಳೆ ಮಕ್ಕಳನ್ನು ಶಾಲೆಗೆ ಬಿಡುತ್ತೇನೆ, ಆಗಬಹುದಾ?" ಎಂದು ಕೇಳಿ.

"ದೇವರ ಚಿತ್ತ", "ಎಲ್ಲ ಒಳ್ಳೆಯದಕ್ಕೇ", "ನಿನಗೆ ಇನ್ನೊಂದು ಮಗು ಆಗುತ್ತದೆ": ಇವುಗಳನ್ನು ಹೇಳಲೇಬೇಡಿ. ಅಳುವವರ ಸಂಗಡ ಅಳಿರಿ ಎಂದು ಪೌಲ ಬರೆದ. ಅವರ ಅಳು ನಿಲ್ಲಿಸಿ ಎಂದು ಬರೆಯಲಿಲ್ಲ.

8. ಸಾಕ್ಷಿ ಹೇಳುವ ಮೊದಲು

ಸಾಕ್ಷಿ ಎಂದರೆ ದೇವರು ನಮ್ಮ ಬದುಕಿನಲ್ಲಿ ಮಾಡಿದ್ದನ್ನು ಕಂಡ ಹಾಗೆ ಹೇಳುವುದು. ದೆವ್ವಗಳಿಂದ ಬಿಡುಗಡೆಯಾದವನು ಯೇಸುವಿನ ಜೊತೆ ಬರುತ್ತೇನೆ ಎಂದಾಗ, ಮನೆಗೆ ಹೋಗಿ ನಿನ್ನವರಿಗೆ ಹೇಳು ಎಂದು ಆತನು ಕಳಿಸಿದನು (ಮಾರ್ಕ 5:19). ಹಾಗಾಗಿ ಮೊದಲು ಮನೆಯವರು, ಆಮೇಲೆ ಸಭೆ, ಫೋನಿನಲ್ಲಿ ಎಲ್ಲರಿಗೂ ಕಳಿಸುವುದು ಕೊನೆಗೆ.

ನೋಟ್‌ಬುಕ್ಕಿನಿಂದ ಒಂದೇ ಒಂದು ದಿನ ಆರಿಸಿ. ಐದು ನಿಮಿಷದಲ್ಲಿ ಮುಗಿಸಿ. ಕತ್ತಲೆಯನ್ನು ಮುಚ್ಚಿಡಬೇಡಿ. ಆಸ್ಯ ಸೀಮೆಯಲ್ಲಿದ್ದಾಗ ಬದುಕುವ ಆಸೆಯೇ ಹೋಗಿತ್ತು ಎಂದು ಪೌಲ ಸಭೆಗೇ ಬರೆದ (2 ಕೊರಿಂಥ 1:8). ಮುಗಿಯದ ಕಷ್ಟವನ್ನು ಮುಗಿಯಿತು ಎನ್ನಬೇಡಿ. ಗಂಡನ, ಅತ್ತೆಯ, ಮಗನ ತಪ್ಪುಗಳನ್ನು ಸಾಕ್ಷಿಯ ಹೆಸರಿನಲ್ಲಿ ಬಿಚ್ಚಿಡಬೇಡಿ, ಅದು ಹೇಳಲು ನಿಮ್ಮ ಕಥೆ ಅಲ್ಲ. ಬೇರೆಯವರ ಗುಟ್ಟನ್ನು "ಪ್ರಾರ್ಥನಾ ವಿಷಯ" ಮಾಡಿ ಹಂಚುವುದೂ ಅಷ್ಟೇ ತಪ್ಪು. ಇದರಿಂದ ಮುರಿದ ಸಭೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

9. ನೀವು ಪಡೆದ ಬಗೆಯದನ್ನೇ ಕೊಡಿ

ದೇವರ ಕೃಪೆ ನಾನಾ ಬಗೆಯದು, ನೀವು ಅದರ ಮನೆವಾರ್ತೆ ನೋಡಿಕೊಳ್ಳುವವರು ಎಂದು ಪೇತ್ರ ಹೇಳುತ್ತಾನೆ (1 ಪೇತ್ರ 4:10). ಎಲ್ಲ ಬಗೆಯದೂ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಗೆ ಬಂದದ್ದು ಯಾವುದು ಎಂದು ನೋಡಿ. ಪಂಡಿತಾ ರಮಾಬಾಯಿ (1858-1922) ಹರೆಯದಲ್ಲೇ ತಂದೆ, ತಾಯಿ, ಅಕ್ಕ ಹಸಿವಿನಿಂದ ಸಾಯುವುದನ್ನು ಕಂಡವರು. 1896-97ರ ಬರಗಾಲದಲ್ಲಿ ಅವರು ಮಧ್ಯ ಭಾರತಕ್ಕೆ ಹೋಗಿ, ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕರೆತಂದು ಅನ್ನ, ಓದು, ಕೆಲಸ ಕೊಟ್ಟರು. ಪುಣೆಯ ಹತ್ತಿರದ ಕೇಡಗಾಂವ್‌ನ ಮುಕ್ತಿ ಎಂಬ ಆಶ್ರಮ ಬೆಳೆದದ್ದು ಹಾಗೆ. ಹಸಿವು ಏನೆಂದು ಅವರಿಗೆ ಯಾರೂ ವಿವರಿಸಿ ಹೇಳಬೇಕಿರಲಿಲ್ಲ.

ನಿಮ್ಮದು ಅಷ್ಟು ದೊಡ್ಡದಾಗಬೇಕಿಲ್ಲ. ಗರ್ಭ ಇಳಿದುಹೋದ ನೋವು ಗೊತ್ತಿದ್ದವರು ಅಂಥವರ ಮನೆಗೆ ಹೋಗಲಿ. ಕುಡಿತ ಬಿಟ್ಟವರು ಬಿಡಲು ಒದ್ದಾಡುತ್ತಿರುವವರ ಫೋನ್ ಎತ್ತಲಿ. ಆದರೆ ಗಾಯ ಹಸಿಯಾಗಿದ್ದರೆ ಕಾಯಿರಿ. ಅವರ ಕಥೆ ಕೇಳುವಾಗ ನಿಮ್ಮದೇ ಉಕ್ಕಿ ಬಂದು, ಅವರೇ ನಿಮ್ಮನ್ನು ಸಮಾಧಾನ ಮಾಡುವ ಹಾಗಾದರೆ, ಇನ್ನೂ ಸಮಯ ಬೇಕು ಎಂದರ್ಥ. ಅಷ್ಟರವರೆಗೆ ಫ್ಲಾಸ್ಕ್ ತುಂಬುವಂಥ ಕೆಲಸ ಮಾಡಬಹುದು, ಅದಕ್ಕೆ ಗಾಯ ಮಾಯಬೇಕಿಲ್ಲ. ಒಂದು ಸಲಕ್ಕೆ ಒಬ್ಬರು, ಹೆಚ್ಚೆಂದರೆ ಇಬ್ಬರು. ಎಲ್ಲರನ್ನೂ ಎತ್ತಲು ಹೋದರೆ ನೀವು ಬೀಳುತ್ತೀರಿ.

ಕೊನೆಯದಾಗಿ, ತಾರೀಕು. ಸಾವಾದ ಮನೆಗೆ ಮೊದಲ ವಾರ ಎಲ್ಲರೂ ಬರುತ್ತಾರೆ. ಮೂರನೆಯ ತಿಂಗಳು ಯಾರೂ ಬರುವುದಿಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆದು ಒಬ್ಬರ ಹೆಸರು ಬರೆಯಿರಿ. ಪಕ್ಕದಲ್ಲಿ ಮೂರು ತಾರೀಕು ಹಾಕಿ: ಮೂರು ತಿಂಗಳಾಗುವ ದಿನ, ತೀರಿಕೊಂಡವರ ಹುಟ್ಟುಹಬ್ಬ, ವರ್ಷ ತುಂಬುವ ದಿನ. ಆ ಮೂರು ದಿನ ಫೋನ್ ಮಾಡಿ. "ಇವತ್ತು ನೆನಪಾಯಿತು, ಅದಕ್ಕೆ ಮಾಡಿದೆ" ಎಂದರೆ ಸಾಕು.